ವಾರಂಟಿ ತಕರಾರು: ಕಂಪನಿ ಒಲ್ಲೆ ಎಂದಾಗ ಗ್ರಾಹಕರ ಮುಂದಿರುವ ದಾರಿಗಳು

ಕೊಂಡು ಎಂಟು ತಿಂಗಳಾದ ಫ್ರಿಜ್ ತಂಪು ಮಾಡುವುದನ್ನು ನಿಲ್ಲಿಸುತ್ತದೆ. ಫೋನಿನ ಪರದೆಯ ಮೇಲೆ ಹಸಿರು ಗೆರೆ ಮೂಡುತ್ತದೆ. ಕರೆಂಟು ಹೋದ ಅರ್ಧ ಗಂಟೆಗೇ ಇನ್ವರ್ಟರ್ ಬ್ಯಾಟರಿ ಕೈಕೊಡುತ್ತದೆ. ವಾರಂಟಿ ಇನ್ನೂ ಇದೆ ಎಂಬ ಧೈರ್ಯದಲ್ಲಿ ದೂರು ಕೊಟ್ಟರೆ, ಬಂದು ನೋಡಿದ ಟೆಕ್ನಿಷಿಯನ್ "ಇದು ವಾರಂಟಿಯಲ್ಲಿ ಬರೋದಿಲ್ಲ" ಎಂದು ಕೈ ಒರೆಸಿಕೊಳ್ಳುತ್ತಾನೆ. ವಸ್ತು ಕೆಟ್ಟಿದೆ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ, ಜಗಳವಿರುವುದು ಯಾಕೆ ಕೆಟ್ಟಿತು ಎಂಬುದರಲ್ಲಿ. ತಯಾರಿಕೆಯಲ್ಲೇ ಇದ್ದ ದೋಷವೋ, ಬಳಸಿದವರ ತಪ್ಪೋ? ಆ ಕಾರಣವನ್ನು ಯಾರು, ಯಾವಾಗ, ಯಾವ ಕಾಗದದ ಮೇಲೆ ಬರೆದಿಟ್ಟರು ಎಂಬುದರ ಮೇಲೆಯೇ ಇಂಥ ವ್ಯಾಜ್ಯಗಳ ಫಲ ಬಹುಮಟ್ಟಿಗೆ ನಿಂತಿರುತ್ತದೆ.

ಕಾನೂನಿನ ನೆಲೆ

ವಾರಂಟಿಯನ್ನು ಕಂಪನಿ ತಾನಾಗಿಯೇ ಬರೆದುಕೊಡುತ್ತದೆ. ಹೀಗಾಗಿ ಅದರ ಅವಧಿ ಎಷ್ಟು, ಏನೇನು ಒಳಗೊಳ್ಳುತ್ತದೆ ಎಂಬುದು ಕಂಪನಿಯ ಮರ್ಜಿ. ಆದರೆ ಒಮ್ಮೆ ಬರೆದುಕೊಟ್ಟ ಮೇಲೆ ಅದು ಒಪ್ಪಂದದ ಭಾಗವಾಗುತ್ತದೆ. ಕಾರ್ಡಿನಲ್ಲಿ ಏನೂ ಬರೆಯದಿದ್ದರೂ ಗ್ರಾಹಕರು ಬರಿಗೈಯಲ್ಲಿರುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಯಾವ ಉದ್ದೇಶಕ್ಕೆ ಬೇಕೆಂದು ತಿಳಿಸಿ ಮಾರಾಟಗಾರನ ಅನುಭವವನ್ನು ನಂಬಿ ಕೊಂಡ ವಸ್ತು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು.

ಇಂದಿನ ಮುಖ್ಯ ಆಧಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 1986ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಇದು 2020ರ ಜುಲೈನಲ್ಲಿ ಜಾರಿಯಾಯಿತು. 'ದೋಷ' ಎಂಬುದಕ್ಕೆ ಇದು ಕೊಡುವ ಅರ್ಥ ವಿಶಾಲವಾದದ್ದು. ಕಾನೂನು ಅಥವಾ ಒಪ್ಪಂದದ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿ ಕೊರತೆಯಾದರೆ ಅದು ದೋಷ. ವ್ಯಾಪಾರಿ ತಾನೇ ಹೇಳಿಕೊಂಡ ಗುಣ ವಸ್ತುವಿನಲ್ಲಿ ಇಲ್ಲದಿದ್ದರೂ ದೋಷವೇ. ಹೀಗಾಗಿ ಜಾಹೀರಾತು, ಪೆಟ್ಟಿಗೆಯ ಮೇಲಿನ ಬರಹ, ಆನ್‌ಲೈನ್ ಪುಟದ ವಿವರ ಇವೆಲ್ಲ ಸಾಕ್ಷ್ಯವಾಗುತ್ತವೆ. ಕಾಯ್ದೆಯ 6ನೇ ಅಧ್ಯಾಯ ಉತ್ಪನ್ನ ಹೊಣೆಗಾರಿಕೆಯದು. ದೋಷವಿರುವ ಉತ್ಪನ್ನದಿಂದ ಹಾನಿಯಾದಾಗ, ಆ ಉತ್ಪನ್ನ ಸ್ಪಷ್ಟವಾಗಿ ಕೊಟ್ಟ ವಾರಂಟಿಗೆ ತಕ್ಕಂತೆ ಇರಲಿಲ್ಲವೆಂದಾದರೆ, ವಾರಂಟಿ ಕೊಡುವಾಗ ತಾನು ಅಜಾಗರೂಕತೆಯಿಂದಾಗಲಿ ಮೋಸದಿಂದಾಗಲಿ ನಡೆದುಕೊಳ್ಳಲಿಲ್ಲ ಎಂದು ತೋರಿಸಿಯೂ ತಯಾರಕ ಪಾರಾಗಲಾರ.

ವಾರಂಟಿ ಕಾರ್ಡನ್ನು ಓದುವ ಬಗೆ

ಅಂಗಡಿಯಲ್ಲಿ "ಹತ್ತು ವರ್ಷ ವಾರಂಟಿ" ಎಂದು ಹೇಳಿದ್ದು ಕಾರ್ಡಿನಲ್ಲಿ ಬೇರೆಯಾಗಿರುತ್ತದೆ. ಎಸಿ, ಫ್ರಿಜ್‌ಗಳಲ್ಲಿ ಹತ್ತು ವರ್ಷ ಇರುವುದು ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ, ಉಳಿದ ಭಾಗಗಳಿಗೆ ಒಂದೇ ವರ್ಷ. ಕಂಪ್ರೆಸರ್ ಉಚಿತವಾಗಿ ಸಿಕ್ಕರೂ ಗ್ಯಾಸ್ ತುಂಬುವ ಖರ್ಚು, ಟೆಕ್ನಿಷಿಯನ್ ಬಂದುಹೋಗುವ ಶುಲ್ಕ, ಸಾಗಾಟದ ವೆಚ್ಚ ಗ್ರಾಹಕರ ತಲೆಗೆ ಬರಬಹುದು. ಇನ್ವರ್ಟರ್ ಮತ್ತು ವಾಹನದ ಬ್ಯಾಟರಿಗಳ ಮೇಲೆ 36+24 ಎಂಬಂಥ ಲೆಕ್ಕವಿರುತ್ತದೆ. ಮೊದಲ 36 ತಿಂಗಳಲ್ಲಿ ಕೆಟ್ಟರೆ ಉಚಿತ ಬದಲಾವಣೆ. ಮುಂದಿನ 24 ತಿಂಗಳಲ್ಲಿ ಕೆಟ್ಟರೆ ಹೊಸ ಬ್ಯಾಟರಿಯ ಬೆಲೆಯಲ್ಲಿ ಒಂದಷ್ಟು ರಿಯಾಯಿತಿ ಮಾತ್ರ. ಇದನ್ನು 'ಪ್ರೊ-ರೇಟಾ' ಎನ್ನುತ್ತಾರೆ. ಐದು ವರ್ಷವೂ ಉಚಿತವೆಂದು ತಿಳಿದು ಕೊಂಡವರು ನಾಲ್ಕನೇ ವರ್ಷ ಅಂಗಡಿಯ ಕಟ್ಟೆಯ ಮೇಲೆ ಜಗಳಕ್ಕೆ ನಿಲ್ಲುತ್ತಾರೆ.

ವಾರಂಟಿ ಯಾವ ದಿನದಿಂದ ಶುರುವಾಗುತ್ತದೆ ಎಂಬುದೂ ತಕರಾರಿನ ವಿಷಯ. ಹೆಚ್ಚಿನ ಕಂಪನಿಗಳು ಬಿಲ್ಲಿನ ದಿನಾಂಕ ಹಿಡಿಯುತ್ತವೆ. ಕಂಪನಿಯವರೇ ಬಂದು ಅಳವಡಿಸಬೇಕಾದ ಎಸಿ, ವಾಟರ್ ಪ್ಯೂರಿಫೈಯರ್‌ಗಳಲ್ಲಿ ಅಷ್ಟರೊಳಗೆ ಹಲವು ದಿನ ಕಳೆದಿರುತ್ತವೆ. ಅಂಥ ವಸ್ತುಗಳಿಗೆ ಅಳವಡಿಸಿದ ದಿನದಿಂದ ವಾರಂಟಿ ಎಣಿಸಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜುಲೈನಲ್ಲಿ ಗೃಹೋಪಯೋಗಿ ವಸ್ತುಗಳ ತಯಾರಕರಿಗೆ ಪತ್ರ ಬರೆದು ಸೂಚಿಸಿತು. ಅಳವಡಿಸಿದ ದಿನದ ರಿಪೋರ್ಟನ್ನು ಬಿಲ್ಲಿನ ಜೊತೆಗೇ ಇಟ್ಟುಕೊಂಡವರಿಗೆ ಈ ವಾದ ಸುಲಭವಾಗುತ್ತದೆ.

'ಎಕ್ಸ್‌ಟೆಂಡೆಡ್ ವಾರಂಟಿ' ಎಂದು ಹೆಚ್ಚು ಹಣ ಕೊಟ್ಟು ಕೊಳ್ಳುವುದನ್ನು ಎಷ್ಟೋ ಸಲ ಕೊಡುವುದು ತಯಾರಕನಲ್ಲ, ಅಂಗಡಿ ಅಥವಾ ಮೂರನೆಯ ಸಂಸ್ಥೆ. ಅಲ್ಲಿ ದೂರು ಹೋಗಬೇಕಾದ ವಿಳಾಸವೂ ಷರತ್ತುಗಳೂ ಬೇರೆ.

ನಿರಾಕರಣೆಗೆ ಕೊಡುವ ಕಾರಣಗಳು

ಕಂಪನಿಗಳು ಹೇಳುವ ಕಾರಣಗಳು ಬೆರಳೆಣಿಕೆಯಷ್ಟೇ. ಪ್ರತಿಯೊಂದಕ್ಕೂ ಕೇಳಬೇಕಾದ ಮರುಪ್ರಶ್ನೆ ಇದೆ.

*ನೀರು ಹೊಕ್ಕಿದೆ:* ಫೋನಿನೊಳಗೆ ನೀರು ತಾಗಿದರೆ ಬಣ್ಣ ಬದಲಿಸುವ ಸಣ್ಣ ಸೂಚಕ ಪಟ್ಟಿ ಇರುತ್ತದೆ. ಅದು ಕೆಂಪಾಗಿದ್ದರೆ ವಾರಂಟಿ ಇಲ್ಲ ಎನ್ನುತ್ತಾರೆ. ಪಟ್ಟಿ ಕೆಂಪಾದದ್ದು ತೇವ ತಾಗಿದ್ದಕ್ಕೆ ಸೂಚನೆಯೇ ಹೊರತು, ಕೆಟ್ಟ ಭಾಗ ತೇವದಿಂದಲೇ ಕೆಟ್ಟಿತು ಎಂಬುದಕ್ಕೆ ಪುರಾವೆಯಲ್ಲ. ಯಾವ ಭಾಗ, ಎಲ್ಲಿ ತುಕ್ಕು, ಅದರ ಫೋಟೊ ಎಲ್ಲಿ ಎಂದು ಕೇಳಬೇಕು. ನೀರಿಗೆ ಅಂಜದ ಫೋನ್ ಎಂದು ಜಾಹೀರಾತು ಕೊಟ್ಟಿದ್ದರೆ ಅದನ್ನೂ ಮುಂದಿಡಬಹುದು.

*ವೋಲ್ಟೇಜ್ ಏರುಪೇರು:* ಟಿವಿ, ಎಸಿ, ಪಂಪ್‌ಸೆಟ್‌ಗಳ ವಿಷಯದಲ್ಲಿ ಇದು ಸಿದ್ಧ ಉತ್ತರ. ಟೆಕ್ನಿಷಿಯನ್ ಮೀಟರ್ ಇಟ್ಟು ಅಳೆದನೇ, ಎಷ್ಟು ವೋಲ್ಟ್ ತೋರಿಸಿತು, ಬೋರ್ಡಿನ ಯಾವ ಭಾಗ ಸುಟ್ಟಿದೆ ಎಂಬುದನ್ನು ಬರೆಸಿಕೊಳ್ಳಬೇಕು. ಸ್ಟೆಬಿಲೈಸರ್ ಬೇಡ ಎಂದು ಹೇಳಿ ಮಾರಿದ ಎಸಿಗೆ ಸ್ಟೆಬಿಲೈಸರ್ ಹಾಕಿಲ್ಲವೆಂದು ವಾರಂಟಿ ನಿರಾಕರಿಸುವುದು ಕಂಪನಿ ತನ್ನ ಮಾತನ್ನೇ ತಾನು ಅಲ್ಲಗಳೆದಂತೆ.

*ನೀರಿನ ಗಡಸುತನ, ಉಪ್ಪು ಗಾಳಿ, ಇಲಿ:* ಬೋರ್‌ವೆಲ್ ನೀರಿನ ಊರುಗಳಲ್ಲಿ ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟುತ್ತದೆ, ಕರಾವಳಿಯಲ್ಲಿ ಎಸಿಯ ಹೊರಘಟಕಕ್ಕೆ ತುಕ್ಕು ಹಿಡಿಯುತ್ತದೆ, ವಾಷಿಂಗ್ ಮಷಿನ್ ಅಡಿಯ ವೈರನ್ನು ಇಲಿ ಕಡಿಯುತ್ತದೆ. ಇವನ್ನು ಕಾರ್ಡಿನಲ್ಲೇ ಸ್ಪಷ್ಟವಾಗಿ ಹೊರಗಿಟ್ಟಿದ್ದರೆ, ಕಾರಣವೂ ಅದೇ ಆಗಿದ್ದರೆ ಗ್ರಾಹಕರ ವಾದ ದುರ್ಬಲ. ಆದರೆ ಇಲಿ ಕಡಿದದ್ದು ನೀರಿನ ಪೈಪನ್ನು, ಕೆಟ್ಟಿರುವುದು ಮೋಟಾರು ಎಂದಾದರೆ ಎರಡಕ್ಕೂ ಸಂಬಂಧವೇನು ಎಂದು ಕೇಳುವ ಹಕ್ಕಿದೆ.

*ಹೊರಗೆ ರಿಪೇರಿ ಮಾಡಿಸಿದ್ದೀರಿ:* ಈ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ವಿರುದ್ಧ ಕೊಟ್ಟ ಆದೇಶ ಗಮನಾರ್ಹ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿದ ಆಯೋಗ, ಹೊರಗೆ ಸರ್ವೀಸ್ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಕೂಡದು ಎಂದಿತು. ಹೊರಗಿನವರ ತಪ್ಪು ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಕಂಪನಿ ಹೊಣೆ ಕಳಚಿಕೊಳ್ಳಬಹುದು ಎಂಬುದು ಅದರ ನಿಲುವು. ಆದೇಶ ಮೇಲ್ಮನವಿಗೆ ಹೋದರೂ, ಕಾರಣಕ್ಕೂ ಹಾನಿಗೂ ಕೊಂಡಿ ಇರಬೇಕೆಂಬ ಅದರ ತರ್ಕ ಉಳಿದ ವಸ್ತುಗಳ ವಾದಕ್ಕೂ ಒದಗುತ್ತದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ಆರಂಭಿಸಿದ 'ರೈಟ್ ಟು ರಿಪೇರಿ' ಪೋರ್ಟಲ್ ರಿಪೇರಿ ವಿವರಗಳನ್ನೂ ಬಿಡಿಭಾಗಗಳ ಮಾಹಿತಿಯನ್ನೂ ಗ್ರಾಹಕರಿಗೆ ಒಂದೆಡೆ ಒದಗಿಸುವ ಉದ್ದೇಶದ್ದು.

ಸರ್ವೀಸ್ ಸೆಂಟರ್‌ನ ಕೌಂಟರಿನಲ್ಲಿ

ಮುಂದೆ ಗ್ರಾಹಕ ಆಯೋಗದವರೆಗೆ ಹೋಗುವ ವ್ಯಾಜ್ಯದ ಅಡಿಪಾಯ ಬೀಳುವುದು ಇಲ್ಲಿ. ವಸ್ತು ಒಪ್ಪಿಸುವಾಗ ಕೊಡುವ ಜಾಬ್ ಶೀಟ್ ಎಲ್ಲಕ್ಕಿಂತ ಮುಖ್ಯವಾದ ಕಾಗದ. ಅದರಲ್ಲಿ ಸೀರಿಯಲ್ ನಂಬರ್, ಒಪ್ಪಿಸಿದ ದಿನಾಂಕ, ಗ್ರಾಹಕರು ಹೇಳಿದ ತೊಂದರೆ, ವಸ್ತುವಿನ ಹೊರಮೈಯ ಸ್ಥಿತಿ ಇಷ್ಟೂ ಇರಬೇಕು. "ಗೀರು ಇದೆ", "ಬಿದ್ದಿದೆ" ಎಂದು ತಾವಾಗಿಯೇ ಬರೆದಿದ್ದರೆ ಸಹಿ ಮಾಡುವ ಮುಂಚೆ ಆಕ್ಷೇಪವನ್ನು ಅದೇ ಹಾಳೆಯಲ್ಲಿ ಬರೆಯಬೇಕು. ಒಪ್ಪಿಸುವ ಮೊದಲು ನಾಲ್ಕೂ ಬದಿಯ ಫೋಟೊ, ತೊಂದರೆ ಕಾಣುವಂಥ ವಿಡಿಯೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ವಾರಂಟಿ ಇಲ್ಲ ಎಂದು ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ಯಾವ ಷರತ್ತಿನ ಪ್ರಕಾರ, ಯಾವ ಕಾರಣಕ್ಕೆ ಎಂಬುದನ್ನು ಜಾಬ್ ಶೀಟಿನಲ್ಲಿ ಅಥವಾ ಇಮೇಲ್‌ನಲ್ಲಿ ಕೇಳಿ ಪಡೆಯಬೇಕು. ಬರೆದುಕೊಡಲು ಒಪ್ಪದಿದ್ದರೆ ಅಂದೇ ಕಸ್ಟಮರ್ ಕೇರ್‌ಗೆ ಇಮೇಲ್ ಕಳಿಸಿ, "ಇಂದು ಇಂಥ ಸೆಂಟರಿನಲ್ಲಿ ಇಂಥ ಕಾರಣ ಹೇಳಿ ನಿರಾಕರಿಸಿದರು" ಎಂದು ದಾಖಲಿಸಬೇಕು. ಕಾರಣ ಒಮ್ಮೆ ದಾಖಲಾದರೆ ಮುಂದೆ ಕಂಪನಿ ಅದನ್ನು ಬದಲಿಸುವುದು ಕಷ್ಟ. ಮೊದಲು ವೋಲ್ಟೇಜ್ ಎಂದವರು ಆಮೇಲೆ ನೀರು ಎಂದರೆ ಆ ವ್ಯತ್ಯಾಸವೇ ಗ್ರಾಹಕರ ಪರ ಮಾತಾಡುತ್ತದೆ.

ಇನ್ನೊಂದು ಎಚ್ಚರ ಓಟಿಪಿಯದು. ಕೆಲಸ ಮುಗಿದ ಮೇಲೆ ಟೆಕ್ನಿಷಿಯನ್‌ಗೆ ಓಟಿಪಿ ಹೇಳಿದರೆ ಕಂಪನಿಯ ಕಂಪ್ಯೂಟರಿನಲ್ಲಿ ದೂರು 'ಪರಿಹಾರವಾಗಿದೆ' ಎಂದು ಮುಚ್ಚಿಹೋಗುತ್ತದೆ. "ಬಿಡಿಭಾಗ ತರಿಸ್ಬೇಕು, ಈಗ ಓಟಿಪಿ ಕೊಡಿ, ಹೊಸ ಕಂಪ್ಲೇಂಟ್ ಹಾಕ್ತೀವಿ" ಎನ್ನುವುದುಂಟು. ಹೀಗೆ ಮುಚ್ಚಿದ ದೂರುಗಳೆಲ್ಲ ಆಮೇಲೆ ಕಂಪನಿಯ ಪರ ದಾಖಲೆಗಳಾಗುತ್ತವೆ. ಅಂಗಡಿಯ ಥರ್ಮಲ್ ಕಾಗದದ ಬಿಲ್ ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಕೊಂಡ ದಿನವೇ ಫೋಟೊ ತೆಗೆದಿಡಬೇಕು.

ಕಂಪನಿಯೊಳಗಿನ ಮೆಟ್ಟಿಲುಗಳು

ಸರ್ವೀಸ್ ಸೆಂಟರ್ ಬಹಳಷ್ಟು ಸಲ ಕಂಪನಿಯ ಸ್ವಂತದ್ದಲ್ಲ, ಗುತ್ತಿಗೆಯ ಮೇಲೆ ನಡೆಸುವವರದು. ಅಲ್ಲಿ ಇಲ್ಲ ಎಂದದ್ದನ್ನು ಮೇಲಿನ ಹಂತದಲ್ಲಿ ಒಪ್ಪಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಪೊಟ್ಟಣದಲ್ಲಿ ಬರುವ ವಸ್ತುಗಳ ಮೇಲೆ ಗ್ರಾಹಕರ ದೂರಿಗೆ ವಿಳಾಸ, ಫೋನ್ ನಂಬರ್, ಇಮೇಲ್ ಮುದ್ರಿಸಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಆನ್‌ಲೈನ್ ಮಾರಾಟವಾದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸುವುದು ಆ ಅಧಿಕಾರಿಯ ಹೊಣೆ.

ಬರೆಯುವ ಪತ್ರ ಚಿಕ್ಕದಾಗಿರಲಿ. ಕೊಂಡ ದಿನಾಂಕ ಮತ್ತು ಬೆಲೆ, ತೊಂದರೆ ಕಂಡ ದಿನ, ದೂರಿನ ಸಂಖ್ಯೆಗಳು, ನಿರಾಕರಣೆಯ ಕಾರಣ, ಅದು ಯಾಕೆ ಸರಿಯಲ್ಲ, ಬೇಕಾದ ಪರಿಹಾರ ಯಾವುದು, ಎಷ್ಟು ದಿನದೊಳಗೆ ಎಂಬಿಷ್ಟಿದ್ದರೆ ಸಾಕು. ಸಿಟ್ಟಿನ ಮಾತು ಮುಂದೆ ಆಯೋಗದ ಕಡತದಲ್ಲಿ ಸೇರಿದಾಗ ಬರೆದವರಿಗೇ ಮುಜುಗರ ತರುತ್ತದೆ. ಉತ್ತರ ಬರದಿದ್ದರೆ ಹದಿನೈದು ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸುವುದು ರೂಢಿ. ವಕೀಲರ ನೋಟಿಸ್ ಕಡ್ಡಾಯವಲ್ಲ.

1915ಕ್ಕೆ ಕರೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡವೂ ಸೇರಿ 17 ಭಾಷೆಗಳಲ್ಲಿ ಇಲ್ಲಿ ದೂರು ಹೇಳಬಹುದು. ಸಹಾಯವಾಣಿ ದೂರನ್ನು ಕಂಪನಿಗೆ ರವಾನಿಸಿ ಉತ್ತರ ತರಿಸುತ್ತದೆ. ಅನೇಕ ದೊಡ್ಡ ಕಂಪನಿಗಳು ಈ ವ್ಯವಸ್ಥೆಯಲ್ಲಿ ನೇರವಾಗಿ ಸೇರಿಕೊಂಡಿರುವುದರಿಂದ ಸ್ಥಳೀಯ ಸೆಂಟರನ್ನು ದಾಟಿ ಮುಖ್ಯ ಕಚೇರಿಯ ಕಣ್ಣಿಗೆ ವಿಷಯ ಬೀಳುತ್ತದೆ. ಆದರೆ ಇದು ವ್ಯಾಜ್ಯಕ್ಕೆ ಮುಂಚಿನ ಸಂಧಾನದ ಹಂತ, ಆದೇಶ ಹೊರಡಿಸುವ ಅಧಿಕಾರ ಇದಕ್ಕಿಲ್ಲ. ಐಎಸ್‌ಐ ಮುದ್ರೆಯ ವಸ್ತುವಿನ ಗುಣಮಟ್ಟದ ಬಗ್ಗೆ 'ಬಿಐಎಸ್ ಕೇರ್' ಆ್ಯಪ್‌ನಲ್ಲೂ ದೂರು ಕೊಡಬಹುದು.

ಗ್ರಾಹಕ ಆಯೋಗ: ಎಲ್ಲಿ, ಯಾರು, ಎಷ್ಟು ಶುಲ್ಕ

ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ದೂರು ಜಿಲ್ಲಾ ಆಯೋಗಕ್ಕೆ, 2 ಕೋಟಿವರೆಗೆ ರಾಜ್ಯ ಆಯೋಗಕ್ಕೆ, ಅದಕ್ಕೂ ಮೀರಿದರೆ ರಾಷ್ಟ್ರೀಯ ಆಯೋಗಕ್ಕೆ ಹೋಗುತ್ತದೆ. ಈ ಮಿತಿಗಳು 2021ರ ಡಿಸೆಂಬರ್ ಕೊನೆಯಲ್ಲಿ ಬಂದ ನಿಯಮದವು. ಹೊಸ ಕಾಯ್ದೆಯ ದೊಡ್ಡ ಅನುಕೂಲವೆಂದರೆ ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ಬೀದರಿನ ಗ್ರಾಹಕರಿಗೆ ಬೀದರಿನ ಆಯೋಗವೇ ಸಾಕು. ವಾರಂಟಿ ಷರತ್ತಿನಲ್ಲಿ ಮಧ್ಯಸ್ಥಗಾರರ ಮುಂದೆಯೇ ಹೋಗಬೇಕೆಂದು ಬರೆದಿದ್ದರೂ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು.

ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400, 20ರಿಂದ 50 ಲಕ್ಷಕ್ಕೆ 1,000 ರೂಪಾಯಿ. ವಕೀಲರಿಲ್ಲದೆ ತಾವೇ ವಾದಿಸಬಹುದು. ಆನ್‌ಲೈನ್ ಸಲ್ಲಿಕೆಗೆ 2020ರಲ್ಲಿ ಬಂದ ಇ-ದಾಖಿಲ್‌ನ ಕೆಲಸವನ್ನು 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ವಹಿಸಿಕೊಂಡಿದೆ.

ಮಾರಾಟಕ್ಕಾಗಿ ಅಥವಾ ದೊಡ್ಡ ವ್ಯಾಪಾರಕ್ಕಾಗಿ ಕೊಂಡವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಹೊಲಿಗೆ ಯಂತ್ರ, ಆಟೊ, ಹಿಟ್ಟಿನ ಗಿರಣಿಯವರು ಗ್ರಾಹಕರೇ. ಮನೆ ಬಳಕೆಯ ವಸ್ತುವನ್ನು ತೆರಿಗೆ ಉಳಿಸಲೆಂದು ಸಂಸ್ಥೆಯ ಜಿಎಸ್‌ಟಿ ನಂಬರಿನಲ್ಲಿ ಬಿಲ್ ಮಾಡಿಸಿದ್ದರೆ ಕಂಪನಿ ಮೊದಲು ಹಿಡಿಯುವುದು ಆ ಎಳೆಯನ್ನೇ.

ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಹೂಡಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಾ ಕೇಳಬಹುದು. ಆದರೆ ಇಮೇಲ್ ಮೇಲೆ ಇಮೇಲ್ ಬರೆಯುತ್ತ ಕೂತರೆ ಆ ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಎದುರುದಾರರಾಗಿ ತಯಾರಕ, ಮಾರಾಟಗಾರ, ಸರ್ವೀಸ್ ಸೆಂಟರ್ ಮೂವರನ್ನೂ ಸೇರಿಸುವುದು ವಾಡಿಕೆ. ಇಲ್ಲವಾದರೆ ಬಂದವರು ಬಾರದವರ ಮೇಲೆ ತಪ್ಪು ಹೊರಿಸಿ ಜಾರಿಕೊಳ್ಳುತ್ತಾರೆ.

ದೋಷ ಸಾಬೀತುಪಡಿಸುವುದು

ಆರೋಪ ಹೊರಿಸಿದವರೇ ಮೊದಲು ಅದನ್ನು ತೋರಿಸಬೇಕು. ಸೇವೆಯ ಲೋಪವನ್ನು ಸಾಬೀತುಪಡಿಸುವ ಭಾರ ದೂರುದಾರರದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೊಮ್ಮೆ ಹೇಳಿದೆ. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ ಆಯೋಗ ವಸ್ತುವಿನ ಮಾದರಿಯನ್ನು ಮೊಹರು ಮಾಡಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸುತ್ತದೆ. ಖರ್ಚನ್ನು ದೂರುದಾರರು ಕಟ್ಟಬೇಕು, ವರದಿ ಸಾಮಾನ್ಯವಾಗಿ 45 ದಿನದಲ್ಲಿ ಬರಬೇಕು. ಆದ್ದರಿಂದ ತೀರ್ಪು ಬರುವವರೆಗೆ ಕೆಟ್ಟ ವಸ್ತುವನ್ನು ಗುಜರಿಗೆ ಹಾಕುವುದಾಗಲಿ, ಬೇರೆಯವರ ಕೈಯಲ್ಲಿ ಬಿಚ್ಚಿಸುವುದಾಗಲಿ ಸಲ್ಲದು.

ಪುರಾವೆಯ ಜೊತೆಗೆ ವಾರಂಟಿಯ ವ್ಯಾಪ್ತಿಯೂ ಮುಖ್ಯ ಎಂಬುದನ್ನು ವಾಹನಗಳ ಪ್ರಕರಣಗಳು ಸ್ಪಷ್ಟಪಡಿಸುತ್ತವೆ. ಮಾರುತಿ ಉದ್ಯೋಗ್ ಕಂಪನಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ವಾರಂಟಿ ಕೆಟ್ಟ ಭಾಗದ ರಿಪೇರಿ ಅಥವಾ ಬದಲಾವಣೆಗೆ ಸೀಮಿತವಾಗಿರುವಾಗ ಇಡೀ ಕಾರನ್ನೇ ಬದಲಿಸಿ ಕೊಡಿ ಎನ್ನುವುದು ಸರಿಯಲ್ಲ ಎಂದಿತು. ಫಿಯಟ್ ಕಂಪನಿಯ ಪ್ರಕರಣದಲ್ಲಿ 2010ರಲ್ಲಿ, ಸ್ವತಂತ್ರ ತಾಂತ್ರಿಕ ತಜ್ಞರು ಕಾರನ್ನು ಪರಿಶೀಲಿಸಿ ಮೂಲದಲ್ಲೇ ತಯಾರಿಕಾ ದೋಷವಿದೆ ಎಂದರೆ ಹಣ ಬಡ್ಡಿ ಸಮೇತ ಮರಳಬೇಕೆಂದು ನಿರ್ದೇಶಿಸಿತು. ಮೊದಲನೆಯದು ನಿಂತದ್ದು ವಾರಂಟಿಯ ವ್ಯಾಪ್ತಿಯ ಮೇಲೆ, ಎರಡನೆಯದು ದೋಷದ ಪುರಾವೆಯ ಮೇಲೆ.

ಪರೀಕ್ಷೆಗೆ ಮಾದರಿಯೇ ಉಳಿಯದ ಸಂದರ್ಭಗಳೂ ಇವೆ. ಬಿತ್ತನೆ ಬೀಜ ಮೊಳೆಯದ ಪ್ರಕರಣಗಳಲ್ಲಿ 2012ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ರೈತರೂ ಗ್ರಾಹಕರೇ, ಬೀಜವನ್ನೆಲ್ಲ ಬಿತ್ತುವ ರೈತ ಪರೀಕ್ಷೆಗೆಂದು ಒಂದಷ್ಟು ಎತ್ತಿಡಲಿ ಎಂದು ನಿರೀಕ್ಷಿಸಲಾಗದು ಎಂದಿತು. ಅಲ್ಲಿ ಹೊಲ ನೋಡಿದ ಕೃಷಿ ತಜ್ಞರ ವರದಿಗೇ ತೂಕ ಬಂತು. ಫೋನಿನಲ್ಲಿ ತೆಗೆದ ವಿಡಿಯೊ, ವಾಟ್ಸ್‌ಆ್ಯಪ್ ಮಾತುಕತೆಗಳನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿಡುವುದು ಕ್ಷೇಮ.

ವಿಚಾರಣೆ ಮತ್ತು ಆದೇಶ

ನೋಟಿಸ್ ತಲುಪಿದ 30 ದಿನದಲ್ಲಿ ಕಂಪನಿ ಉತ್ತರ ಸಲ್ಲಿಸಬೇಕು, ಹೆಚ್ಚೆಂದರೆ ಇನ್ನು 15 ದಿನ ಸಿಗುತ್ತದೆ. ಈ 45 ದಿನ ದಾಟುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಲಿ ಎಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದು ಸಾಮಾನ್ಯ.

ಗೆದ್ದರೆ ರಿಪೇರಿ, ಹೊಸ ವಸ್ತು, ಬಡ್ಡಿ ಸಮೇತ ಹಣ, ಪರಿಹಾರ, ವ್ಯಾಜ್ಯದ ಖರ್ಚು ಇವುಗಳಲ್ಲಿ ಆಯೋಗಕ್ಕೆ ತಕ್ಕುದೆನಿಸಿದ್ದು ಸಿಗುತ್ತದೆ. ಕೇಳದ್ದು ಸಿಗುವುದು ಅಪರೂಪವಾದ್ದರಿಂದ ದೂರಿನಲ್ಲೇ ಎಲ್ಲವನ್ನೂ ಕೇಳಿರಬೇಕು. ಜಿಲ್ಲಾ ಆಯೋಗದ ಆದೇಶದ ವಿರುದ್ಧ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಕಂಪನಿ ಮೇಲ್ಮನವಿ ಹೋಗುವುದಾದರೆ ಕಟ್ಟಬೇಕಾದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹೊರದೇಶದಲ್ಲಿ ಕೊಂಡವರಿಗೆ

ಹೊರನಾಡ ಕನ್ನಡಿಗರಿಗೆ ಅಲ್ಲಿನ ಕಾನೂನು ಹಲವು ಕಡೆ ಹೆಚ್ಚು ಅನುಕೂಲಕರ. ಐರೋಪ್ಯ ಒಕ್ಕೂಟದಲ್ಲಿ ಕಂಪನಿಯ ವಾರಂಟಿ ಏನೇ ಇರಲಿ, ಮಾರಾಟಗಾರ ಕನಿಷ್ಠ ಎರಡು ವರ್ಷ ಹೊಣೆಗಾರ. ಮೊದಲ ವರ್ಷದಲ್ಲಿ ಕಂಡ ದೋಷ ಕೊಳ್ಳುವಾಗಲೇ ಇತ್ತೆಂದು ಎಣಿಸುತ್ತಾರೆ, ಇರಲಿಲ್ಲವೆಂದು ತೋರಿಸುವುದು ಮಾರಾಟಗಾರನ ಕೆಲಸ. ಬ್ರಿಟನ್ನಿನ 2015ರ ಕಾಯ್ದೆಯಲ್ಲಿ ಈ ಎಣಿಕೆ ಆರು ತಿಂಗಳದು, ದೋಷವಿದ್ದರೆ 30 ದಿನದೊಳಗೆ ವಸ್ತು ಹಿಂತಿರುಗಿಸುವ ಹಕ್ಕೂ ಉಂಟು. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ನಮ್ಮದೇ ಬಿಡಿಭಾಗ ಬಳಸಿದರೆ ಮಾತ್ರ ವಾರಂಟಿ ಎಂಬ ಷರತ್ತಿಗೆ ಅಡ್ಡ ನಿಲ್ಲುತ್ತದೆ. ಭಾರತದ ಕಾಯ್ದೆ ದೋಷ ಮೊದಲೇ ಇತ್ತೆಂಬ ಎಣಿಕೆಯನ್ನು ಬರೆದುಕೊಟ್ಟಿಲ್ಲ. ಇಲ್ಲಿ ಜಾಬ್ ಶೀಟಿಗೆ ಅಷ್ಟು ಬೆಲೆ ಬರುವುದು ಅದಕ್ಕೇ. ಅಲ್ಲಿ ಕೊಂಡು ಊರಿಗೆ ತಂದ ವಸ್ತುವಿಗೆ ಇಲ್ಲಿ ಸೇವೆ ಸಿಗುವುದು ವಾರಂಟಿ ಅಂತರರಾಷ್ಟ್ರೀಯ ಎಂದು ಕಾರ್ಡಿನಲ್ಲಿ ಬರೆದಿದ್ದರೆ ಮಾತ್ರ.

ರಾಜಿಗೆ ಕರೆದಾಗ

ನೋಟಿಸ್ ತಲುಪಿದ ಮೇಲೆ ಅನೇಕ ಕಂಪನಿಗಳು ರಾಜಿಗೆ ಬರುತ್ತವೆ. ಕಾಯ್ದೆಯಲ್ಲೇ ಮಧ್ಯಸ್ಥಿಕೆಗೆ ಅವಕಾಶವಿದ್ದು, ಎರಡೂ ಕಡೆಯವರು ಒಪ್ಪಿದರೆ ಆಯೋಗ ವ್ಯಾಜ್ಯವನ್ನು ಅಲ್ಲಿಗೆ ಕಳಿಸುತ್ತದೆ. ಬಳಸಿದ ಅವಧಿಗೆ ಸವಕಳಿ ಕಳೆದು ಉಳಿದ ಹಣ, ಬೇರೆ ಮಾದರಿಯ ವಸ್ತು, ಅರ್ಧ ಬೆಲೆಗೆ ರಿಪೇರಿ ಇವು ಸಾಮಾನ್ಯ ಕೊಡುಗೆಗಳು. ಎಂಟು ಸಾವಿರದ ವಸ್ತುವಿಗೆ ಐದು ಸಾವಿರ ಇಂದೇ ಸಿಗುವುದಾದರೆ, ಪುರಾವೆ ತೆಳುವಾಗಿದ್ದವರಿಗೆ ಅದು ನಷ್ಟವಲ್ಲ. ಲಿಖಿತ ನಿರಾಕರಣೆ, ಬದಲಾಗುತ್ತ ಹೋದ ಕಾರಣಗಳು, ಕಂಪನಿಯದೇ ಜಾಹೀರಾತು ಕೈಯಲ್ಲಿದ್ದವರು ಅಷ್ಟಕ್ಕೆ ಇಳಿಯಬೇಕಾಗಿಲ್ಲ. ಯಾವುದಕ್ಕೆ ಒಪ್ಪಿದರೂ ಬದಲಿ ವಸ್ತುವಿನ ವಾರಂಟಿ ಹೊಸದೋ ಹಳೆಯದರ ಉಳಿಕೆಯೋ ಎಂಬುದನ್ನು ಬರೆಸಿಕೊಳ್ಳಬೇಕು. "ಇನ್ನು ಯಾವ ಹಕ್ಕೂ ಉಳಿದಿಲ್ಲ" ಎಂಬ ಕಾಗದಕ್ಕೆ ಸಹಿ ಬೀಳಬೇಕಾದದ್ದು ಹಣ ಖಾತೆಗೆ ಬಂದ ಮೇಲೆ, ವಸ್ತುವಾದರೆ ಅದನ್ನು ಹಚ್ಚಿ ನೋಡಿದ ಮೇಲೆ.